ಆರಾಧನೆ ನಿಂತಾಗ ಸಭೆಯ ನಂಟು ಉಳಿಸುವುದು ಹೇಗೆ?

ಪ್ರಶ್ನೆ: ನಮ್ಮ ಚರ್ಚಿನಲ್ಲಿ ಒಟ್ಟಾಗಿ ಸೇರುವ ಆರಾಧನೆ ಸದ್ಯಕ್ಕೆ ನಿಂತಿದೆ. ಸುಮಾರು 120 ಕುಟುಂಬಗಳಿವೆ, ಹಿರಿಯರಲ್ಲಿ ಹಲವರ ಬಳಿ ಸ್ಮಾರ್ಟ್‌ಫೋನ್ ಇಲ್ಲ. ಭಾನುವಾರದ ವಿಡಿಯೊ ಸಾಕೇ? ವಿಡಿಯೊ ಕಾಲ್‌ನಲ್ಲಿ ಕೀರ್ತನೆ ಹಾಡಿದರೆ ತಾಳ ತಪ್ಪುವುದೇಕೆ?

ಉತ್ತರ: ಖಂಡಿತ ಸಾಲದು. ವಿಡಿಯೊದಿಂದ ಪ್ರಸಂಗ ಮನೆಗೆ ಮುಟ್ಟುತ್ತದೆ, ಮನೆಯವರ ಕಷ್ಟಸುಖ ಸಭೆಗೆ ಮುಟ್ಟುವುದಿಲ್ಲ. ಮೊದಲು ಫೋನ್ ಪಟ್ಟಿ ಮಾಡಿ. ಒಬ್ಬ ಸ್ವಯಂಸೇವಕರಿಗೆ 8ರಿಂದ 10 ಮನೆ ಎಂದರೆ ನಿಮಗೆ 12ರಿಂದ 15 ಜನ ಬೇಕು. ಪ್ರತಿ ವಾರ ಅದೇ ದಿನ, ಅದೇ ವ್ಯಕ್ತಿ ಕರೆ ಮಾಡಲಿ. ದನಿ ಪರಿಚಯವಾದ ಮೇಲೆಯೇ ಜನ ಮನಬಿಚ್ಚಿ ಮಾತಾಡುವುದು. ಔಷಧಿ ಇದೆಯೇ, ಜೊತೆಗೆ ಯಾರಿದ್ದಾರೆ, ಯಾವುದಕ್ಕಾಗಿ ಪ್ರಾರ್ಥಿಸಬೇಕು ಎಂದು ಕೇಳಲಿ. ಒಂಟಿಯಾಗಿರುವವರು ಎರಡು ಸಲವೂ ಫೋನ್ ಎತ್ತದಿದ್ದರೆ ಅಂದೇ ಪಕ್ಕದ ಮನೆಗೆ ಕರೆ ಹೋಗಬೇಕು. ಆ ನಂಬರನ್ನು ಮೊದಲೇ ಬರೆದಿಟ್ಟುಕೊಳ್ಳಿ. ಕಾಯಿಲೆ, ಸಾಲದ ವಿಷಯಗಳನ್ನು ದಯವಿಟ್ಟು ಗ್ರೂಪಿಗೆ ಹಾಕಬೇಡಿ, ಪಾದ್ರಿಗಳಿಗೆ ಮಾತ್ರ ತಿಳಿಸಿ.

ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್, ಅಂದರೆ ಒಂದೇ ಸಲ ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಸಂದೇಶ, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ತಲುಪುತ್ತದೆ. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಆರಾಧನಾ ಕ್ರಮವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಶನಿವಾರದೊಳಗೆ ತಲುಪಿಸಿ. ಭಾನುವಾರ ಕಾನ್ಫರೆನ್ಸ್ ಕಾಲ್‌ನಲ್ಲಿ ಸೇರಿಸಿಕೊಳ್ಳಿ.

ಇನ್ನು ಕೀರ್ತನೆ. ಪ್ರತಿ ಮನೆಯ ದನಿಯೂ ಇಂಟರ್ನೆಟ್‌ನಲ್ಲಿ ಒಂದಿಷ್ಟು ತಡವಾಗಿ, ಬೇರೆ ಬೇರೆ ಹೊತ್ತಿಗೆ ಬರುತ್ತದೆ. ಅದನ್ನು ಸರಿಪಡಿಸಲು ಹೋಗಬೇಡಿ. ಒಬ್ಬರೇ ಹಾಡಲಿ, ಉಳಿದವರು ಮೈಕ್ ಮ್ಯೂಟ್ ಮಾಡಿ ದನಿಗೂಡಿಸಲಿ. ಕೀಬೋರ್ಡ್ ನಾದ ನಡುನಡುವೆ ಕಾಣೆಯಾದರೆ, ವಿಡಿಯೊ ಕಾಲ್ ಆ್ಯಪ್ ಝೂಮ್ ಅದನ್ನು ಗದ್ದಲವೆಂದು ಅಳಿಸುತ್ತಿರಬಹುದು. ನುಡಿಸುವವರ ಕಡೆ ಝೂಮ್‌ನ ‘ಒರಿಜಿನಲ್ ಸೌಂಡ್’ ಸೆಟ್ಟಿಂಗ್ ಆನ್ ಮಾಡಿ.