ಎರಡು ಕೋಣೆಯ ಮನೆಯಲ್ಲಿ ಎಂಟು ಜನ: ಇದು ಜನಗಣತಿಯ ತಪ್ಪಲ್ಲ
1881ರ ಸ್ಕಾಟ್ಲೆಂಡಿನ ಗ್ಲಾಸ್ಗೋ ಜನಗಣತಿಯಲ್ಲಿ ಎರಡು ಕೋಣೆಯ ಮನೆಗೆ ಆರು ಜನರ ಸಂಸಾರ, ಜೊತೆಗೆ ಇಬ್ಬರು ಲಾಡ್ಜರ್‌ಗಳು (ದುಡ್ಡು ಕೊಟ್ಟು ಅದೇ ಮನೆಯಲ್ಲಿ ಇರುವವರು) ಇದ್ದಾರೆ, ಬರೆದವರ ತಪ್ಪಾ ಅಂತ ಕೇಳಿದ್ದೀರಿ. ತಪ್ಪಲ್ಲ, ಆಗ ಅದು ಮಾಮೂಲಿ. ಅಲ್ಲಿನ ಆರೋಗ್ಯಾಧಿಕಾರಿ ಜೇಮ್ಸ್ ಬರ್ನ್ ರಸೆಲ್ 1888ರಲ್ಲಿ ಕೊಟ್ಟ ಲೆಕ್ಕ ನೋಡಿ: ಒಂದೇ ಕೋಣೆಯ ಮನೆಗಳಲ್ಲೂ ನೂರಕ್ಕೆ 14ರಲ್ಲಿ ಲಾಡ್ಜರ್‌ಗಳಿದ್ದರು, ಎರಡು ಕೋಣೆಯವುಗಳಲ್ಲಿ 27ರಲ್ಲಿ.

ಮಲಗುತ್ತಿದ್ದುದು ಎಲ್ಲಿ ಅಂದರೆ, ಅಡುಗೆಕೋಣೆಯ ಗೋಡೆಯಲ್ಲೇ ಮಂಚ ಹಿಡಿಸುವಷ್ಟು ಗೂಡು ಇರುತ್ತಿತ್ತು, ಮುಂದೆ ಪರದೆ. ಅದರಡಿ ಇನ್ನೊಂದು ತಗ್ಗು ಮಂಚ. ಹಗಲು ಒಳಗೆ ತಳ್ಳುವುದು, ರಾತ್ರಿ ಎಳೆಯುವುದು.

ಒಂದು ಮನೆಯಲ್ಲಿ ಎಷ್ಟು ಜನ ಇರಬಹುದು ಎಂಬುದಕ್ಕೆ ಕಾನೂನೂ ಇತ್ತು. 1862ರಿಂದ ಸಣ್ಣ ಮನೆಗಳನ್ನು ಅಳೆದು, ಎಷ್ಟು ಜನ ಇರಬಹುದು ಅಂತ ಬಾಗಿಲಿಗೇ ಲೋಹದ ಬಿಲ್ಲೆ ಹೊಡೆಯುತ್ತಿದ್ದರು. ದೊಡ್ಡವರಿಗೆ ತಲೆಗೆ 300 ಘನ ಅಡಿ, ಎಂಟು ವರ್ಷದೊಳಗಿನ ಮಕ್ಕಳಿಗೆ ಅದರರ್ಧ. ನಡುರಾತ್ರಿ ಇನ್ಸ್‌ಪೆಕ್ಟರ್ ಬಾಗಿಲು ಬಡಿದರೆ ಮಿತಿಗಿಂತ ಹೆಚ್ಚಿಗೆ ಇದ್ದವರು ಮಂಚದಡಿ, ಬೀರುವಿನೊಳಗೆ ಅಡಗುತ್ತಿದ್ದರು. ದಿನವಿಡೀ ದುಡಿದು ಮಲಗಿದವರಿಗೆ ಎಂಥ ಹಿಂಸೆ, ಅಲ್ವಾ? ಆದರೂ ಗಂಡನ ಕೂಲಿ ನಿಂತ ವಾರ ಬಾಡಿಗೆ ಕಟ್ಟಲು ಲಾಡ್ಜರ್‌ಗಳು ಕೊಡುವ ದುಡ್ಡೇ ಗತಿ. ಅಡುಗೆ, ಬಟ್ಟೆ ಒಗೆಯುವ ಹೊರೆ ಮಾತ್ರ ಮನೆಯಾಕೆಯ ಮೇಲೆ.

ಲಾಡ್ಜರ್‌ಗಳ ಹುಟ್ಟೂರಿನ ಕಾಲಂ ಒಮ್ಮೆ ನೋಡಿ. ಮನೆಯವರದ್ದೂ ಅದೇ ಊರಾದರೆ ನೆಂಟರೇ ಇರಬಹುದು.