ಮಗು ಬಗ್ಗಿ ಬಗ್ಗಿ ಬೆಚ್ಚಿದರೆ ಕಾಯಬೇಡಿ

ಪ್ರಶ್ನೆ: ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಮಗನಿಗೆ ಆರು ತಿಂಗಳು. ಎರಡು ವಾರದಿಂದ ನಿದ್ದೆಯಿಂದ ಎದ್ದ ಕೂಡಲೇ ತಲೆ ಮುಂದಕ್ಕೆ ಬಗ್ಗಿಸಿ, ಎರಡೂ ಕೈ ಎತ್ತಿ ಬೆಚ್ಚಿದ ಹಾಗೆ ಮಾಡುತ್ತಾನೆ. ಒಂದು ಕ್ಷಣ ಅಷ್ಟೇ, ಸರಿಯಾಗುತ್ತಾನೆ, ಮತ್ತೆ ಅದೇ. ಹೀಗೆ ಹತ್ತು ಹದಿನೈದು ಸಲ, ಆಮೇಲೆ ಜೋರು ಅಳು. ಮುಖ ನೋಡಿ ನಗುವುದು ಈಗ ಕಡಿಮೆ, ಕವುಚಿ ಬೀಳುವುದನ್ನೂ ಬಿಟ್ಟಿದ್ದಾನೆ. ಹೊಟ್ಟೆನೋವು ಎಂದು ಅತ್ತೆ ಬಜೆ ಅರೆದು ನೆಕ್ಕಿಸುತ್ತಾರೆ. ನೆರೆಮನೆಯವರು ಬಾಲಗ್ರಹ, ನೂಲು ಕಟ್ಟಿಸಿ ಅಂತಾರೆ. ಹುಟ್ಟಿದಾಗ ಅವನು ತಡವಾಗಿ ಅತ್ತಿದ್ದ. ಗೇರು ತೋಟಕ್ಕೆ ಹೊಡೆಯುತ್ತಿದ್ದ ಕೀಟನಾಶಕ ಎಂಡೋಸಲ್ಫಾನಿಂದ ಆಗಿರಬಹುದಾ ಎಂಬ ಭಯವೂ ಇದೆ.

ಉತ್ತರ: ಅಮ್ಮಾ, ಈ ವಾರವೇ ಮಕ್ಕಳ ನರರೋಗ ತಜ್ಞರಿಗೆ ಮಗುವನ್ನು ತೋರಿಸಿ. ಮುಂದಿನ ತಿಂಗಳು ನೋಡುವಾ ಅನ್ನಬೇಡಿ. ನೀವು ಬರೆದದ್ದು ಶಿಶುಗಳ ಸೆಳೆತಕ್ಕೆ, ಅಂದರೆ ಇನ್‌ಫಂಟೈಲ್ ಸ್ಪಾಸಮ್ಸ್ ಎನ್ನುವ ಒಂದು ಬಗೆಯ ಅಪಸ್ಮಾರಕ್ಕೆ ತುಂಬಾ ಹೊಂದುತ್ತದೆ. ಮೂರು ತಿಂಗಳಿಂದ ಒಂದು ವರ್ಷದೊಳಗೆ, ಜಾಸ್ತಿಯಾಗಿ ನಾಲ್ಕರಿಂದ ಏಳು ತಿಂಗಳಲ್ಲಿ ಇದು ಶುರುವಾಗುತ್ತದೆ. ನೊರೆ ಬರುವುದಿಲ್ಲ, ಮೈ ಒಂದೇ ಸಮನೆ ಅದುರುವುದಿಲ್ಲ, ಆದ್ದರಿಂದ ಇದು ಫಿಟ್ಸ್ ಎಂದು ಮನೆಯವರಿಗೆ ಅನ್ನಿಸುವುದೇ ಇಲ್ಲ, ಎಷ್ಟೋ ಸಲ ಡಾಕ್ಟರಿಗೂ ಹೊಟ್ಟೆನೋವು ಅಂತಲೇ ಅನ್ನಿಸಿಬಿಡುತ್ತದೆ. ನೋಡಲು ಸಣ್ಣದು, ಒಳಗೆ ನಡೆಯುವುದು ದೊಡ್ಡದು. ನಗು ಕಡಿಮೆಯಾಗಿದೆ, ಕವುಚುವುದು ನಿಂತಿದೆ ಎಂದು ಬರೆದಿದ್ದೀರಲ್ಲ, ನನಗೆ ಹೆಚ್ಚು ಆತಂಕ ತಂದದ್ದು ಅದೇ.

ಎಲ್ಲ ಬೆಚ್ಚುವಿಕೆಯೂ ರೋಗವಲ್ಲ, ಅದೂ ನಿಜ. ಪಾತ್ರೆ ಬಿದ್ದ ಸದ್ದಿಗೆ ಎಳೆಗೂಸು ಕೈ ಚಾಚುವುದು ಸಹಜ, ಆರು ತಿಂಗಳ ಹೊತ್ತಿಗೆ ಅದು ಹೋಗಿರುತ್ತದೆ. ನಿದ್ದೆಯಲ್ಲಿ ಮಾತ್ರ ಕೈಕಾಲು ಎಗರಿ, ಎಬ್ಬಿಸಿದರೆ ನಿಂತರೆ ಅದೂ ಸಾಮಾನ್ಯವಾಗಿ ತೊಂದರೆಯದಲ್ಲ. ಎದ್ದ ಮೇಲೆ, ಒಂದರ ಹಿಂದೆ ಒಂದು, ಸಾಲಾಗಿ ಬಂದರೆ ಮಾತ್ರ ಬಿಡಬಾರದು. ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ. ಡಾಕ್ಟರ ಎದುರು ಮಗು ಸುಮ್ನೆ ಮಲಗಿರುತ್ತದೆ, ವಿಡಿಯೊ ಇದ್ದರೆ ಅರ್ಧ ಕೆಲಸ ಆದಂತೆ. ಬಜೆ ಸದ್ಯ ನಿಲ್ಲಿಸಿ. ನೂಲು ಕಟ್ಟಿದರೆ ನನ್ನ ತಕರಾರಿಲ್ಲ, ಅದಕ್ಕಾಗಿ ಒಂದು ದಿನವೂ ತಡವಾಗಬಾರದು ಅಷ್ಟೇ.

ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ ಮಾಡಿಸುತ್ತಾರೆ. ಮಗು ನಿದ್ದೆ ಹೋಗಿ ಏಳುವ ತನಕ ಮಾಡಬೇಕು, ಎಚ್ಚರದಲ್ಲಿ ಹತ್ತು ನಿಮಿಷ ಮಾಡಿ ನಾರ್ಮಲ್ ಅಂದರೆ ಸಾಲದು. ಮೆದುಳಿನ ಅಲೆಗಳು ಅಡ್ಡಾದಿಡ್ಡಿ ಎತ್ತರಕ್ಕೆ ಏಳುವ ಒಂದು ಚಿತ್ರ ಅನೇಕ ಮಕ್ಕಳಲ್ಲಿ ಕಾಣುತ್ತದೆ. ಆಮೇಲೆ ಎಂಆರ್‌ಐ, ರಕ್ತ ಪರೀಕ್ಷೆ, ಬೇಕಿದ್ದರೆ ಜೀನ್ ಪರೀಕ್ಷೆ.

ಕಾರಣ ಒಂದೇ ಅಲ್ಲ. ಹೆರಿಗೆಯಲ್ಲಿ ಮೆದುಳಿಗೆ ಆಮ್ಲಜನಕ ಸಾಲದೆ ಹೋಗಿರುವುದು, ಹುಟ್ಟಿದ ಮೊದಲ ದಿನಗಳಲ್ಲಿ ಸಕ್ಕರೆ ಅಂಶ ತೀರಾ ಇಳಿದಿರುವುದು, ಇವೆರಡು ನಮ್ಮ ದೇಶದಲ್ಲಿ ಮುಖ್ಯ. ಮೆದುಳು ಜ್ವರ, ಮೆದುಳಿನ ರಚನೆಯ ದೋಷ, ಡೌನ್ ಸಿಂಡ್ರೋಮ್, ಟ್ಯೂಬರಸ್ ಸ್ಕ್ಲೆರೋಸಿಸ್ ಕೂಡ ಇರಬಹುದು. ಈ ಕೊನೆಯದು ಮೆದುಳು, ಚರ್ಮ ಮುಂತಾದ ಕಡೆ ಸಣ್ಣ ಗಡ್ಡೆ ಬೆಳೆಯುವ ಜೀನ್ ಕಾಯಿಲೆ, ಇದರಲ್ಲಿ ಸಾಮಾನ್ಯವಾಗಿ ಚರ್ಮದ ಮೇಲೆ ಬಿಳಿ ಮಚ್ಚೆ ಇರುತ್ತದೆ, ಮಗುವಿನ ಮೈ ಒಮ್ಮೆ ನೋಡಿ. ಕೆಲವು ಮಕ್ಕಳಲ್ಲಿ ಹುಡುಕಿದರೂ ಕಾರಣ ಸಿಗುವುದಿಲ್ಲ. ತಡವಾಗಿ ಅತ್ತ ವಿಷಯ ಮತ್ತು ಡಿಸ್ಚಾರ್ಜ್ ಚೀಟಿ ಡಾಕ್ಟರಿಗೆ ಬೇಕು.

ಎಂಡೋಸಲ್ಫಾನ್ ಬಗ್ಗೆ ನಮ್ಮೂರಿನ ತಾಯಿ ಕೇಳದೆ ಇನ್ಯಾರು ಕೇಳಬೇಕು? ಆ ವಿಷ ಮೈಗೆ ಹೋದರೆ ಸೆಳೆತ ಬರುತ್ತದೆ, ನಿಜ. ಆದರೆ ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಸಿಂಪಡಿಸುವುದು 2000ದ ಹೊತ್ತಿಗೇ ನಿಂತಿದೆ, 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿದೆ. ಈ ಮಗುವಿನಲ್ಲಿ ಮೊದಲು ಹುಡುಕಬೇಕಾದದ್ದು ಮೇಲೆ ಹೇಳಿದ ಕಾರಣಗಳನ್ನು. ಎಂಡೋಸಲ್ಫಾನ್ ಅಂದುಕೊಂಡು ಇನ್ನೇನು ಮಾಡಲಿಕ್ಕಾಗುತ್ತದೆ ಎಂದು ಕೈಚೆಲ್ಲಿ ಕೂರುವುದು ಬೇಡ, ಯಾಕೆಂದರೆ ಕಾರಣ ಯಾವುದಿದ್ದರೂ ಸೆಳೆತ ನಿಲ್ಲಿಸಲು ಮದ್ದು ಇದೆ.

1841ರಲ್ಲಿ ವೆಸ್ಟ್ ಎಂಬ ಇಂಗ್ಲಿಷ್ ಡಾಕ್ಟರು ತನ್ನ ಸ್ವಂತ ಮಗನಲ್ಲಿ ಇದನ್ನು ಕಂಡು ವೈದ್ಯ ಪತ್ರಿಕೆಗೆ ಬರೆದರು. ಆಗ ಮಾಡಲು ಏನೂ ಇರಲಿಲ್ಲ. 1958ರಲ್ಲಿ ಎಸಿಟಿಎಚ್ ಎಂಬ ಹಾರ್ಮೋನಿನ ಚುಚ್ಚುಮದ್ದಿನಿಂದ ಸೆಳೆತ ನಿಲ್ಲುತ್ತದೆ ಎಂಬ ವರದಿ ಬಂತು. ಈಗ ಎಸಿಟಿಎಚ್, ಬಾಯಲ್ಲಿ ಕೊಡುವ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ವಿಗಾಬಟ್ರಿನ್, ಈ ಮೂರು ಮುಖ್ಯ. ಪ್ರೆಡ್ನಿಸೊಲೋನ್ ಅಗ್ಗ, ಸುಲಭವಾಗಿ ಸಿಗುತ್ತದೆ. ಟ್ಯೂಬರಸ್ ಸ್ಕ್ಲೆರೋಸಿಸ್ ಇದ್ದರೆ ವಿಗಾಬಟ್ರಿನ್ನೇ ಮೊದಲು. ಸಾಮಾನ್ಯ ಫಿಟ್ಸ್ ಮದ್ದುಗಳು ಇದಕ್ಕೆ ಅಷ್ಟಾಗಿ ನಾಟುವುದಿಲ್ಲ, ಅದಕ್ಕೇ ತಜ್ಞರ ಬಳಿ ಹೋಗಿ ಅನ್ನುವುದು. ಎರಡು ವಾರದಲ್ಲಿ ಸೆಳೆತ ಪೂರ್ತಿ ನಿಲ್ಲಬೇಕು, ಇಇಜಿಯೂ ಸುಧಾರಿಸಬೇಕು. ಅರ್ಧ ಕಡಿಮೆಯಾಯಿತು ಎಂದು ಸಮಾಧಾನ ಪಡುವ ಹಾಗಿಲ್ಲ, ಮದ್ದು ಬದಲಿಸಲು ಕೇಳಬೇಕು. ಮದ್ದಿಗೆ ಬಗ್ಗದಿದ್ದರೆ ಕೀಟೋಜೆನಿಕ್ ಆಹಾರ, ಅಂದರೆ ಕೊಬ್ಬು ಜಾಸ್ತಿ, ಪಿಷ್ಟ-ಸಕ್ಕರೆ ತೀರಾ ಕಡಿಮೆ ಇರುವ ಪಥ್ಯವಿದೆ. ಮೆದುಳಿನ ಒಂದೇ ಜಾಗದಲ್ಲಿ ದೋಷವಿದ್ದರೆ ಆಪರೇಷನ್ ಆಗುತ್ತದಾ ಎಂದು ತಿರುವನಂತಪುರದ ಶ್ರೀಚಿತ್ರಾ ಆಸ್ಪತ್ರೆ ಅಥವಾ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕೇಳಬಹುದು. ನಿಮಗೆ ಮಂಗಳೂರು ಹತ್ತಿರ, ಮೊದಲು ಅಲ್ಲೇ ಹೋಗಿ.

ಪ್ರಶ್ನೆ: ನನ್ನ ತಂಗಿಯ ಮಗುವಿಗೆ ಇದೇ ರೋಗ, ಪ್ರೆಡ್ನಿಸೊಲೋನ್ ಶುರುವಾಗಿದೆ. ಮುಖ ಊದಿದೆ, ಇಡೀ ದಿನ ಹಟ. ನಿಲ್ಲಿಸಬಹುದಾ? ಲಸಿಕೆ ಹಾಕಿದ್ದರಿಂದಲೇ ಬಂತು ಅಂತ ಭಾವ ಹೇಳುತ್ತಾರೆ. — ಮಂಜೇಶ್ವರದ ಓದುಗರು

ಉತ್ತರ: ನೀವಾಗಿ ನಿಲ್ಲಿಸಲೇಬಾರದು. ಸ್ಟೀರಾಯ್ಡನ್ನು ಒಮ್ಮೆಲೇ ಬಿಟ್ಟರೆ ಮಗುವಿನ ಜೀವಕ್ಕೇ ಅಪಾಯ, ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಊತ, ಹಟ, ಹಸಿವು ಮದ್ದು ನಿಂತ ಮೇಲೆ ಹೋಗುತ್ತವೆ. ಅಲ್ಲಿಯವರೆಗೆ ಬಿಪಿ ನೋಡಿಸುತ್ತಿರಿ. ಜ್ವರ ಬಂದರೆ ಅದೇ ದಿನ ತೋರಿಸಿ, ಸೋಂಕು ಬೇಗ ತಗಲುತ್ತದೆ. ವಿಗಾಬಟ್ರಿನ್ ಕೊಡುತ್ತಿದ್ದರೆ ಕಣ್ಣಿನ ಪರೀಕ್ಷೆ ತಪ್ಪಿಸಬೇಡಿ, ಪಕ್ಕದ ನೋಟಕ್ಕೆ ಶಾಶ್ವತ ಹಾನಿ ಆಗುವ ಸಾಧ್ಯತೆ ಇದೆ.

ಲಸಿಕೆ ಕಾರಣವಲ್ಲ ಎಂದು ಭಾವನಿಗೆ ಹೇಳಿ. ಲಸಿಕೆಯ ವಯಸ್ಸು, ಈ ರೋಗ ಕಾಣಿಸುವ ವಯಸ್ಸು ಎರಡೂ ಒಂದೇ ಹೊತ್ತಿಗೆ ಬರುತ್ತವೆ, ಹಾಗಾಗಿ ಹಾಗನ್ನಿಸುತ್ತದೆ. ಸ್ಟೀರಾಯ್ಡ್ ನಡೆಯುವಾಗ ದಡಾರದ ಲಸಿಕೆಯಂಥ, ಬಲ ಕುಂದಿಸಿದ ಜೀವಂತ ರೋಗಾಣು ಇರುವ ಲಸಿಕೆಗಳನ್ನು ಮುಂದೂಡುತ್ತಾರೆ, ಉಳಿದವು ಯಾವಾಗ ಎಂದು ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ. ಸೆಳೆತ ನಿಂತರೂ ಕೂರುವುದು, ಮಾತು ತಡವಾಗಬಹುದು, ಆದ್ದರಿಂದ ಫಿಸಿಯೋಥೆರಪಿ ಈಗಿನಿಂದಲೇ ಬೇಕು. ಸರ್ಕಾರದ ಕಡೆಯಿಂದ ಅದು ಎಲ್ಲಿ ಸಿಗುತ್ತದೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.