ದವಡೆಗೆ ತುಂಬುವ ಎಲುಬಿನ ಪುಡಿಯಿಂದ ಕ್ಯಾನ್ಸರ್ ಬರುತ್ತದೆಯೇ?

ನಿಮ್ಮ ಪ್ರಶ್ನೆಯ ತಿರುಳು ಇಷ್ಟು: ಹುಮನಾಬಾದಿನಲ್ಲಿರುವ ನಿಮ್ಮ ತಂದೆಯವರಿಗೆ ಕೆಳದವಡೆಯ ಹಲ್ಲು ತೆಗೆದ ಜಾಗದಲ್ಲಿ ಎಲುಬು ಕರಗಿದೆ, ಇಂಪ್ಲಾಂಟ್ (ಕೃತಕ ಹಲ್ಲಿಗೆ ಬೇರಿನಂತೆ ದವಡೆಯಲ್ಲಿ ಕೂರಿಸುವ ತಿರುಪು) ಹಾಕುವ ಮೊದಲು ಅಲ್ಲಿ ಎಲುಬಿನ ಪುಡಿ ತುಂಬಬೇಕೆಂದು ದಂತವೈದ್ಯರು ಹೇಳಿದ್ದಾರೆ, ಹೊರಗಿನ ವಸ್ತು ಒಳಗೆ ಉಳಿದರೆ ಕ್ಯಾನ್ಸರ್ ಗಡ್ಡೆಯಾಗುತ್ತದೆ ಎಂದು ಬಂಧುಗಳೊಬ್ಬರು ಹೆದರಿಸಿದ್ದಾರೆ. ಅವರು ಬಹಳ ವರ್ಷ ಗುಟ್ಕಾ ತಿಂದು ಈಗ ಬಿಟ್ಟಿದ್ದಾರೆ ಎಂಬುದನ್ನು ನೀವು ಕೊನೆಗೆ, ಆವರಣದೊಳಗೆ ಹಾಕಿ ಬರೆದಿದ್ದೀರಿ. ಕಲಬುರಗಿಯಲ್ಲಿ ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸೆ ಮಾಡುವ ನನಗೆ ಇಡೀ ಪ್ರಶ್ನೆಯಲ್ಲಿ ಮುಖ್ಯವಾಗಿ ಕಂಡದ್ದು ಆ ಆವರಣದೊಳಗಿನ ಮಾತೇ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಪುಡಿಯ ವಿಷಯ. ಅವರೆ ಬಳ್ಳಿಗೆ ಹಂದರ ಹಾಕಿದಂತೆ, ಈ ಪುಡಿ ಹೊಸ ಎಲುಬಿನ ಕೋಶಗಳು ಹಬ್ಬಲು ಬೇಕಾದ ಆಸರೆಯನ್ನಷ್ಟೇ ಒದಗಿಸುತ್ತದೆ. ಸಾಮಾನ್ಯವಾಗಿ ಬಳಸುವುದು ಹೈಡ್ರಾಕ್ಸಿಅಪಟೈಟ್, ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್, 1969ರಲ್ಲಿ ಅಮೆರಿಕದ ಲ್ಯಾರಿ ಹೆಂಚ್ ರೂಪಿಸಿದ ಜೈವಿಕ ಗಾಜು, ಅಥವಾ ದನದ ಎಲುಬಿನಿಂದ ಪ್ರೋಟೀನ್ ತೆಗೆದು ಉಳಿಸಿದ ಖನಿಜ. ಇವೆಲ್ಲ ಸಕ್ಕರೆ ಹರಳಿನಷ್ಟು, ಕಾಲು ಮಿಲಿಮೀಟರಿನಿಂದ ಒಂದು ಮಿಲಿಮೀಟರಿನವರೆಗಿನ ಬಿಳಿ ಕಣಗಳಾಗಿ, ಪುಟ್ಟ ಗಾಜಿನ ಶೀಷೆಯಲ್ಲಿ ಬರುತ್ತವೆ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ನಮ್ಮ ಎಲುಬಿನಲ್ಲೇ ಇರುವ ದ್ರವ್ಯಗಳು. ಅವು ಕೋಶದ ವಂಶವಾಹಿಯನ್ನು ಕೆಡಿಸಿ ಕ್ಯಾನ್ಸರ್ ಹುಟ್ಟಿಸುತ್ತವೆ ಎನ್ನಲು ದಶಕಗಳ ಬಳಕೆಯಲ್ಲಿ ಆಧಾರ ದೊರೆತಿಲ್ಲ. (ಪುಡಿಯ ಮೇಲೆ ಹೊದಿಸುವ, ಕೊಲ್ಯಾಜನ್ ಎಂಬ ಪ್ರಾಣಿ ಪ್ರೋಟೀನಿನ ಪೊರೆ ಹಂದಿಯದೋ ದನದೋ ಆಗಿರಬಹುದು. ನಮ್ಮ ಭಾಗದಲ್ಲಿ ಹಲವರಿಗೆ ಇದು ಮುಖ್ಯವಾದ ಸಂಗತಿಯಾದ್ದರಿಂದ ಸಂಕೋಚವಿಲ್ಲದೆ ಮೊದಲೇ ಕೇಳಿ. ಪ್ರಾಣಿಮೂಲವಲ್ಲದ ಪೊರೆಗಳೂ ಇವೆ.)

ನಿಮ್ಮ ಬಂಧುಗಳ ಭಯ ತೀರ ಬುಡವಿಲ್ಲದ್ದೇನೂ ಅಲ್ಲ. ಇಲಿಗಳ ದೇಹದಲ್ಲಿ ನಯವಾದ ಪ್ಲಾಸ್ಟಿಕ್ ಹಾಳೆಯನ್ನು ಬಹುಕಾಲ ಇಟ್ಟರೆ ಸುತ್ತಲೂ ಸಾರ್ಕೋಮಾ ಎಂಬ ಕ್ಯಾನ್ಸರ್ ಗಡ್ಡೆಗಳು ಬೆಳೆಯುತ್ತವೆ ಎಂದು ಆಪನ್‌ಹೈಮರ್ ಮತ್ತು ಸಂಗಡಿಗರು 1948ರಲ್ಲೇ ವರದಿ ಮಾಡಿದ್ದರು. ಆದರೆ ಅದೇ ವಸ್ತುವನ್ನು ಪುಡಿ ಮಾಡಿ ಅಥವಾ ತೂತು ಕೊರೆದು ಇಟ್ಟಾಗ ಗಡ್ಡೆಗಳು ಬಹಳ ಕಡಿಮೆಯಾದವು, ಮನುಷ್ಯರಲ್ಲಿ ಇಂಥದ್ದು ಅತಿ ವಿರಳ. ನಿಮ್ಮ ತಂದೆಯವರಿಗೆ ಹಾಕುವುದು ರಂಧ್ರಗಳುಳ್ಳ ಕಣಗಳನ್ನೇ. ಇದಲ್ಲದೆ ಐಎಸ್‌ಒ 10993 ಎಂಬ ಅಂತರರಾಷ್ಟ್ರೀಯ ಮಾನದಂಡದ ಮೂರನೆಯ ಭಾಗವು ದೇಹದೊಳಗೆ ಉಳಿಯುವ ವಸ್ತುಗಳು ವಂಶವಾಹಿಗೆ ಹಾನಿ ಮಾಡುತ್ತವೆಯೇ, ಕ್ಯಾನ್ಸರ್‌ಕಾರಕವೇ ಎಂಬುದನ್ನು ಒರೆಗೆ ಹಚ್ಚುವ ಬಗೆಯನ್ನು ಹೇಳುತ್ತದೆ. ಏಳನೆಯ ಭಾಗವು ಕ್ರಿಮಿಶುದ್ಧಿಗೆ ಬಳಸುವ ಎಥಿಲೀನ್ ಆಕ್ಸೈಡ್ ಎಷ್ಟು ಉಳಿಯಬಹುದು ಎಂಬ ಮಿತಿಯನ್ನು ಗೊತ್ತುಪಡಿಸುತ್ತದೆ. ಆ ಅನಿಲ ಸ್ವತಃ ಕ್ಯಾನ್ಸರ್‌ಕಾರಕವಾದ್ದರಿಂದ ಈ ಮಿತಿ ಹೆಸರಿಗಷ್ಟೇ ಇರುವುದಲ್ಲ. ಲೇಬಲ್ಲಿಲ್ಲದ, ಬೇರೆಯವರಿಗೆ ಒಡೆದು ಉಳಿದ ಶೀಷೆಯನ್ನು ಒಪ್ಪಬೇಡಿ. ಲಾಟ್ ಸಂಖ್ಯೆಯಿರುವ ಸ್ಟಿಕ್ಕರನ್ನು ನಿಮ್ಮ ಫೈಲಿಗೆ ಅಂಟಿಸಿಕೊಡಲು ಹೇಳಿ.

ನಿಜವಾದ ಎಚ್ಚರಿಕೆ ಬೇಕಾದದ್ದು ಪುಡಿಯೊಂದಿಗೆ ಏನನ್ನು ಬೆರೆಸುತ್ತಾರೆ ಎಂಬುದರಲ್ಲಿ. ಬಿಎಂಪಿ-2 ಎಂಬ ಪ್ರೋಟೀನ್ ಎಲುಬನ್ನು ಬೇಗ ಬೆಳೆಸುತ್ತದೆ; ದವಡೆಯ ಕೆಲವು ಬಳಕೆಗಳಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಬೆನ್ನೆಲುಬಿಗೆಂದು 40 ಮಿಲಿಗ್ರಾಂ ಪ್ರಮಾಣದಲ್ಲಿ ಬಳಸುವ ಅದರ ಇನ್ನೊಂದು ರೂಪದ ಪ್ರಯೋಗದಲ್ಲಿ ಕ್ಯಾನ್ಸರ್ ಪ್ರಕರಣಗಳು ಹೆಚ್ಚಾಗಿ ಕಂಡ ಕಾರಣ 2011ರಲ್ಲಿ ಅನುಮತಿ ಸಿಗಲಿಲ್ಲ. 2013ರಲ್ಲಿ ಎರಡು ಸ್ವತಂತ್ರ ತಂಡಗಳು ದತ್ತಾಂಶವನ್ನೆಲ್ಲ ಮತ್ತೆ ಜಾಲಾಡಿದಾಗ, ಅಪಾಯ ತುಸು ಹೆಚ್ಚಿರಬಹುದು, ಆದರೆ ಒಟ್ಟು ಸಂಖ್ಯೆ ಚಿಕ್ಕದಾದ್ದರಿಂದ ಖಚಿತವಾಗಿ ಹೇಳಲಾಗದು ಎಂಬ ತೀರ್ಮಾನಕ್ಕೆ ಬಂದವು. ಪಿಡಿಜಿಎಫ್ ಎಂಬ ಇನ್ನೊಂದು ಬೆಳವಣಿಗೆಯ ಪ್ರೋಟೀನಿನ ಕಥೆ ತಿರುಗುಮುರುಗಾಯಿತು: ಕಾಲಿನ ಹುಣ್ಣಿಗೆ ಹಚ್ಚುವ ಅದರ ಮುಲಾಮಿನ ಮೇಲೆ 2008ರಲ್ಲಿ ಕ್ಯಾನ್ಸರ್ ಎಚ್ಚರಿಕೆ ಮುದ್ರಿಸಿದರು, 2018ರಲ್ಲಿ ತೆಗೆದರು. ನನ್ನ ತಿಳಿವಳಿಕೆಯ ಮಟ್ಟಿಗೆ ಇವು ಕ್ಯಾನ್ಸರನ್ನು ಹೊಸದಾಗಿ ಹುಟ್ಟಿಸುವುದಕ್ಕಿಂತ, ಆಗಲೇ ಕೆಟ್ಟಿರುವ ಕೋಶಗಳಿದ್ದರೆ ಅವುಗಳಿಗೂ ಬೆಳೆಯಲು ಇಂಬು ಕೊಟ್ಟಾವೆಂಬುದೇ ಆತಂಕ. ಆದ್ದರಿಂದಲೇ ಗಡ್ಡೆ ತೆಗೆದ ಜಾಗದಲ್ಲಿ ಅಥವಾ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಬಿಎಂಪಿ-2 ಬಳಸಬಾರದೆಂದು ಅದರ ಸೂಚನಾಪತ್ರದಲ್ಲೇ ಬರೆದಿದೆ. ಸಣ್ಣ ಇಂಪ್ಲಾಂಟಿಗೆ ಬಹುಮಟ್ಟಿಗೆ ಇದರ ಅಗತ್ಯವೇ ಬೀಳುವುದಿಲ್ಲ. ‘ಬರೀ ಪುಡಿಯೋ, ಬೆಳವಣಿಗೆಯ ಪ್ರೋಟೀನೂ ಇದೆಯೋ’ ಎಂದು ನೇರವಾಗಿ ಕೇಳಿ.

ಈಗ ಗುಟ್ಕಾ. ತಂಬಾಕು ಮತ್ತು ಅಡಿಕೆ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿನ ಕ್ಯಾನ್ಸರ್‌ಕಾರಕಗಳೆಂದು ಪಟ್ಟಿಮಾಡಿದೆ, ಮತ್ತು ಬಿಟ್ಟ ಮರುದಿನವೇ ಅಪಾಯ ಇಳಿಯುವುದಿಲ್ಲ. ಪುಡಿ ಹಾಕುವ ಮೊದಲು ತಂದೆಯವರ ಬಾಯಿಯನ್ನು ಬೆಳಕಿನಲ್ಲಿ ಪೂರ್ತಿ ನೋಡಬೇಕು. ಮೂರು ಬೆರಳು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ಹೋಗುತ್ತವೆಯೇ? ರೊಟ್ಟಿಗೆ ಹಚ್ಚಿದ ಖಾರ ಮೊದಲಿನಂತೆ ತಾಳುತ್ತದೆಯೇ, ಉರಿಯುತ್ತದೆಯೇ? ಕೆನ್ನೆಯ ಒಳಗೆ, ಗುಟ್ಕಾ ಒತ್ತಿಡುತ್ತಿದ್ದ ಬದಿಯಲ್ಲಿ, ಬಿಳಿ ಅಥವಾ ಕೆಂಪು ಮಚ್ಚೆಯಿದೆಯೇ? ಬೆರಳುಗಳು ಹೋಗದಿದ್ದರೆ, ಖಾರ ಉರಿದರೆ ಅಥವಾ ಮಚ್ಚೆಯಿದ್ದರೆ ಮೊದಲು ಬಯಾಪ್ಸಿ (ಅಲ್ಲಿನ ಮಾಂಸದ ಚೂರು ತೆಗೆದು ಪರೀಕ್ಷಿಸುವುದು), ವರದಿ ಬಂದ ಮೇಲಷ್ಟೇ ಎಲುಬಿನ ಕೆಲಸ. ಕಲಬುರಗಿಯ ದಂತ ಕಾಲೇಜುಗಳಲ್ಲಿ ಈ ಪರೀಕ್ಷೆ ಮಾಡುತ್ತಾರೆ. ಕಿದ್ವಾಯಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಇಲ್ಲಿದೆ. ಹಿಂದೆ ಕುತ್ತಿಗೆಗೋ ದವಡೆಗೋ ಕರೆಂಟು (ವಿಕಿರಣ ಚಿಕಿತ್ಸೆ) ಕೊಟ್ಟಿದ್ದರೆ, ಅಥವಾ ಎಲುಬು ಸವೆತಕ್ಕೋ ಎಲುಬಿಗೆ ಹಬ್ಬಿದ ಕ್ಯಾನ್ಸರಿಗೋ ಕೊಡುವ ಜೋಲೆಡ್ರೋನಿಕ್ ಆಸಿಡ್ ಚುಚ್ಚುಮದ್ದು ತೆಗೆದುಕೊಂಡಿದ್ದರೆ ಅದನ್ನೂ ವೈದ್ಯರಿಗೆ ಹೇಳಲೇಬೇಕು. ಅಲ್ಲಿನ ತೊಂದರೆ ಕ್ಯಾನ್ಸರ್ ಅಲ್ಲ, ದವಡೆಯ ಎಲುಬೇ ಸತ್ತು ಹೊರಬೀಳುವುದು.

ಎಲ್ಲ ಸರಿಯಿದ್ದರೆ ಪುಡಿ ಹಾಕಿಸಿಕೊಳ್ಳಲು ಅಡ್ಡಿಯಿಲ್ಲ, ನನ್ನ ಮನೆಯವರಿಗಾದರೂ ಇದನ್ನೇ ಹೇಳುತ್ತೇನೆ. ಮುಂದೆ ಇಂಪ್ಲಾಂಟಿನ ಸುತ್ತ ಹುಣ್ಣಾಗಿ ಎರಡು ಮೂರು ವಾರ ಕಳೆದರೂ ಮಾಯದಿದ್ದರೆ, ಅಥವಾ ಮಾಂಸ ಉಬ್ಬಿ ಮುಟ್ಟಿದರೆ ರಕ್ತ ಬರುತ್ತಿದ್ದರೆ, ಸೋಂಕೆಂದು ಮತ್ತೆ ಮತ್ತೆ ಸ್ವಚ್ಛ ಮಾಡಿಸಿ ಆಂಟಿಬಯಾಟಿಕ್ ನುಂಗುತ್ತ ಕೂರಬೇಡಿ. ಇಂಪ್ಲಾಂಟಿನ ಪಕ್ಕ ಹುಟ್ಟಿದ ಕ್ಯಾನ್ಸರನ್ನು ಕೀವು ಎಂದೇ ತಿಂಗಳುಗಟ್ಟಲೆ ತಿಳಿದ ಉದಾಹರಣೆಗಳು ವೈದ್ಯಕೀಯ ವರದಿಗಳಲ್ಲಿವೆ, ಅವರಲ್ಲಿ ಅನೇಕರು ತಂಬಾಕಿನವರು ಅಥವಾ ಮೊದಲೇ ಮಚ್ಚೆಯಿದ್ದವರು. ಆ ಮಾಂಸದ ಒಂದು ಚೂರನ್ನು ಪರೀಕ್ಷೆಗೆ ಕಳಿಸಿರೆಂದು ನೀವೇ ಒತ್ತಾಯಿಸಿ ಕೇಳಿ.